ಬೆಸೆದ ಗೇಟಿಗೊಂದು ‘ಟೆಂಪರರಿ’ ಬೋರ್ಡು

ರೈಲು ಹಳಿಗಳ ಮೇಲಿನ ಕಾಲುಸೇತುವೆಯನ್ನು ಮುಚ್ಚಿಸಿ ಕೂತಿರುವ ಮಾನ್ಯ ಅಧಿಕಾರಿಗಳೇ,

ಮೊನ್ನೆ ನಿಮ್ಮ ಕಚೇರಿಯಿಂದ ನನ್ನ ಅಂಗಡಿಗೆ ಒಂದು ಕೆಲಸ ಬಂತು. ಸೇತುವೆಯ ಗೇಟಿಗೆ ತಗುಲಿಸಿದ ‘ಟೆಂಪರರಿಲಿ ಕ್ಲೋಸ್ಡ್ ಅಂಟಿಲ್ ಫರ್ದರ್ ನೋಟಿಸ್’ ಬೋರ್ಡಿನ ಬಣ್ಣ ಮಾಸಿದೆಯಂತೆ. ಹೊಸದಾಗಿ ಬರೆದುಕೊಡಬೇಕಂತೆ. ಈ ಸಲ ಬಿಸಿಲು ಮಳೆಗೆ ಜಗ್ಗದ ಬಣ್ಣ ಹಾಕಬೇಕಂತೆ! ತಾತ್ಕಾಲಿಕ ಎಂಬ ಮಾತು ಓದಲಾಗದಷ್ಟು ಹಳೆಯದಾಯಿತು, ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಡು ಎಂದು ಕೇಳಲು ಬಂದ ನಿಮ್ಮ ಸಿಬ್ಬಂದಿಯ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಆದ್ದರಿಂದ ನಾನೂ ನಗದೆ ಉತ್ತರ ಕೊಡುತ್ತಿದ್ದೇನೆ: ಆ ಕೆಲಸ ನಾನು ಮಾಡುವುದಿಲ್ಲ. ಗೇಟು ತೆರೆಯುವ ತಾರೀಖು ಕೊಡಿ, ಅದನ್ನು ಬರೆಯುತ್ತೇನೆ.

ಮೊದಲ ಬೋರ್ಡು ಬರೆದವಳೂ ನಾನೇ. ಅಪ್ಪನಿಂದ ಬಂದ ಕಸುಬು. ಅಂದೇ ಕೇಳಿದ್ದೆ, “ಟೆಂಪರರಿ ಅಂತೀರಿ, ಬಟ್ಟೆ ಮೇಲೆ ಬರೆದ್ರೆ ಸಾಕಲ್ವಾ ಸಾರ್?” ಎಂದು. “ಬೇಡಮ್ಮ, ತಗಡಿನ ಮೇಲೇ ಬರಿ. ಎರಡು ಕೋಟ್ ಹೊಡಿ” ಎಂದರು ನಿಮ್ಮ ಕಚೇರಿಯವರು. ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದೇ ಆ ಮಾತು. ನಾಲ್ಕು ದಿನದ ರಿಯಾಯಿತಿ ಮಾರಾಟಕ್ಕೆ ಅಂಗಡಿಯವರು ಬಟ್ಟೆ ಬ್ಯಾನರು ಬರೆಸುತ್ತಾರೆ, ತಮ್ಮ ಹೆಸರನ್ನು ಮಾತ್ರ ತಗಡಿನ ಮೇಲೆ ಬರೆಸುತ್ತಾರೆ. ಇನ್ನು ಬೋರ್ಡು ತಗುಲಿಸಲು ಹೋದರೆ ಗೇಟಿಗೆ ಬೀಗವೇ ಇರಲಿಲ್ಲ. ಬೆಸುಗೆ ಹಾಕಿಸಿದ್ದಿರಿ! ಸ್ವಾಮಿ, ಮತ್ತೆ ತೆಗೆಯುವ ಮನಸ್ಸಿದ್ದವರು ಬೀಗ ಹಾಕುತ್ತಾರೆ. ಬೆಸುಗೆ ಹಾಕಿಸುವವರ ಮನಸ್ಸಿನಲ್ಲಿ ಏನಿರುತ್ತದೆ? ನಿಮ್ಮ ರಿಪೇರಿಯವರು ಒಂದು ದಿನವಾದರೂ ಆ ಮೆಟ್ಟಿಲು ಹತ್ತಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ.

ಆ ಬೋರ್ಡು ಏರಿದಾಗ ನನ್ನ ತಂಗಿಗೆ ಮದುವೆಯೇ ಆಗಿರಲಿಲ್ಲ. ಈಗ ಅವಳು ಏಳು ತಿಂಗಳ ಬಸುರಿ. ನಿಮ್ಮ ಟೆಂಪರರಿಯ ಉದ್ದ ಅಳೆಯಲು ನನಗೆ ಬೇರೆ ಅಳತೆಗೋಲು ಬೇಕಾಗಿಲ್ಲ. ಹಳಿಗಳಾಚೆಯ ಹೆರಿಗೆ ಆಸ್ಪತ್ರೆಯಲ್ಲಿ ಅವಳು ನರ್ಸು. ಸುತ್ತಿ ಹೋಗುವ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವಳ ಬೆಳಗಿನ ಪಾಳಿ ಶುರುವಾಗಿರುತ್ತದೆ. ಹಾಗಾಗಿ ದಿನಾ ಆ ಹೊಟ್ಟೆ ಹೊತ್ತುಕೊಂಡು, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಹಳಿ ದಾಟುತ್ತಾಳೆ. ಅವಳೊಬ್ಬಳೇ ಅಲ್ಲ, ಇಡೀ ಬೀದಿಯೇ ದಾಟುತ್ತದೆ.

ಅಕ್ಕತಂಗಿಯರಿಬ್ಬರೂ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಸಿಗಲಿಲ್ಲ. ಕಿಟಕಿ ಪಕ್ಕದ ಮೇಜಿನ ಗುಮಾಸ್ತರು ಸಿಕ್ಕರು.

“ಶಾರ್ಟ್ಲಿ ಓಪನ್ ಆಗುತ್ತಮ್ಮಾ.”

“ಶಾರ್ಟ್ಲಿ ಅಂದ್ರೆ ಯಾವಾಗ ಸಾರ್?”

“ಇನ್ ಡ್ಯೂ ಕೋರ್ಸ್.”

“ಅಂದ್ರೆ?”

“ಅಯ್ಯೋ, ಅಟ್ ದ ಅರ್ಲಿಯೆಸ್ಟ್ ಅಂತ ಇಟ್ಕೊಳ್ಳಿ.”

ತಂಗಿ ನನ್ನನ್ನು ಸರಿಸಿ ಮುಂದೆ ಬಂದಳು. “ನಾಳೆ ನೀವು ನಮ್ಮ ವಾರ್ಡಿಗೆ ಬಂದು, ಹೆಂಡ್ತಿಗೆ ತುಂಬಾ ನೋವು ಅಂದಾಗ, ನಾನು ‘ಇನ್ ಡ್ಯೂ ಕೋರ್ಸ್ ಡಾಕ್ಟರ್ ಬರ್ತಾರೆ’ ಅಂದ್ರೆ ನಡಿಯುತ್ತಾ ಸಾರ್?” ಗುಮಾಸ್ತರು ಫೈಲಿನ ದಾರ ಬಿಚ್ಚಿದರು, ಮತ್ತೆ ಕಟ್ಟಿದರು.

ಇಂಗ್ಲಿಷಿನ ಮೇಲೆ ನನಗೇನೂ ಹಗೆಯಿಲ್ಲ. ನನ್ನ ಅರ್ಧ ಅನ್ನ ಆ ಅಕ್ಷರಗಳದ್ದೇ. ಕನ್ನಡದವರೇನು ಮಹಾ ಸತ್ಯವಂತರೇ? ತಂಗಿಯ ಗಂಡ “ಈಗ ಬಂದೆ” ಎಂದು ಹೋದರೆ ಅಡುಗೆ ಆರಿ ತಣ್ಣಗಾದ ಮೇಲೇ ಬರುವುದು. ಆದರೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಬೈಯಬಹುದು, ಏಕೆಂದರೆ ಆ ಮಾತು ಆಡಿದವನೊಬ್ಬ ಕಣ್ಣೆದುರು ಇದ್ದಾನೆ. ‘ಅಂಟಿಲ್ ಫರ್ದರ್ ನೋಟಿಸ್’ ಎಂದವರು ಯಾರು? ಆ ಮುಂದಿನ ನೋಟಿಸು ಯಾರ ಮೇಜಿನ ಮೇಲಿದೆ? ‘ಫಾರ್ ದ ಟೈಮ್ ಬೀಯಿಂಗ್’ ಎಂದು ಬರೆಯುತ್ತೀರಿ, ಅದರಲ್ಲಿ ಟೈಮ್ ಎಂಬ ಪದವಿದೆ, ಗಡಿಯಾರ ನೋಡಿದ ಗುರುತು ಮಾತ್ರ ಇಲ್ಲ. ಕಾಲವನ್ನು ಹೇಳಿದ ಹಾಗೂ ಇರಬೇಕು, ಹೇಳಿರಲೂ ಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪಾಪ, ಆ ಭಾಷೆಯಲ್ಲಿ ದಿನ ವಾರಗಳಿಗೆ ಬರವಿದೆಯೇನೋ ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ನನ್ನ ಅಂಗಡಿಯ ಲೈಸೆನ್ಸ್ ನವೀಕರಣಕ್ಕೆ ನಿಮ್ಮದೇ ಕಟ್ಟಡದಿಂದ ನೋಟಿಸು ಬಂತು. ಅದರಲ್ಲಿ ‘ಆನ್ ಆರ್ ಬಿಫೋರ್’ ಎಂದು ಶುರುಮಾಡಿ ತಾರೀಖು, ವಾರ, ಸಂಜೆ ಎಷ್ಟು ಗಂಟೆಯೊಳಗೆ ಎಂಬುದೂ ಇತ್ತು! ಅಂದರೆ ನಾವು ನಿಮ್ಮ ಬಾಗಿಲಿಗೆ ಬರಬೇಕಾದಾಗ ಇಂಗ್ಲಿಷಿಗೆ ಗಂಟೆ ನಿಮಿಷ ಎಲ್ಲ ಬರುತ್ತದೆ. ನೀವು ನಮ್ಮ ಗೇಟಿಗೆ ಬರಬೇಕಾದಾಗ ಮಾತ್ರ ಅದಕ್ಕೆ ಮರೆವು. ಈ ಮರೆವನ್ನು ನಾನು ನಂಬುವುದಿಲ್ಲ. ಸೇತುವೆಯನ್ನು ಇನ್ನು ತೆರೆಯುವುದೇ ಇಲ್ಲವೆಂದು ಎಂದೋ ತೀರ್ಮಾನಿಸಿ, ಹಾಗೆಂದು ಬಾಯಿಬಿಟ್ಟರೆ ಜನ ಎದುರು ನಿಲ್ಲುತ್ತಾರೆಂದು ಈ ಮಾತುಗಳ ಹಿಂದೆ ಕೂತಿದ್ದೀರಿ ಎಂಬುದು ನನ್ನ ಗುಮಾನಿ. ತಪ್ಪಾಗಿದ್ದರೆ ತಿದ್ದಿ.

ಹೋದ ವಾರ ತಂಗಿಯ ಜೊತೆ ನಾನೂ ಹೋಗಿದ್ದೆ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಎರಡನೇ ಹಳಿಯ ನಡುವೆ ಜಲ್ಲಿಕಲ್ಲಿನ ಮೇಲೆ ಕಾಲು ಜಾರಿ ಅವಳು ಕೂತುಬಿಟ್ಟಳು. ಅಷ್ಟರಲ್ಲಿ ರೈಲಿನ ಹಾರನ್ ಕೇಳಿತು. ಮುಂದೆ ಹೋಗುತ್ತಿದ್ದ ಗಾರೆ ಕೆಲಸದವರೊಬ್ಬರು ಬುತ್ತಿ ಬಿಸಾಡಿ ಓಡಿ ಬಂದರು. ಇಬ್ಬರೂ ಅವಳ ರಟ್ಟೆ ಹಿಡಿದು ಎಳೆದೆವು. ರೈಲು ಹಾದುಹೋದ ಮೇಲೆ ಬಸುರಿಯೇ ನನ್ನ ಬೆನ್ನು ಸವರುತ್ತಿದ್ದಳು.

“ಬಿಡಕ್ಕ, ಏನೂ ಆಗ್ಲಿಲ್ಲವಲ್ಲ.”

“ಆಗಿದ್ರೆ?”

“ಆಗಿದ್ರೆ ನಿಂಗೆ ಇನ್ನೊಂದು ಬೋರ್ಡಿನ ಕೆಲಸ ಸಿಗ್ತಿತ್ತು.”

ನನ್ನನ್ನು ನಗಿಸಲೆಂದೇ ಅಂದಳು. ನನಗೆ ಅಳು ಬಂತು.

ನೀವು ಕಳಿಸಿದ ತಗಡು ನನ್ನ ಅಂಗಡಿಯಲ್ಲಿದೆ. ಹಳದಿ ಬಳಿದು ಒಣಗಿಸಿ, ‘ಗೇಟು ತೆರೆಯುವ ದಿನ’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಆ ಜಾಗಕ್ಕೆ ನಿಮ್ಮ ಸಹಿಯೊಂದಿಗೆ ತಾರೀಖು ಬೇಕು. ತಂಗಿಯ ಹೆರಿಗೆಯ ದಿನವನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಇನ್ನೂ ಮುಖ ಕಾಣದ ಕೂಸಿಗೇ ತಾರೀಖು ಹೇಳಬಹುದಾದರೆ, ಕಣ್ಣೆದುರು ನಿಂತ ಕಬ್ಬಿಣದ ಗೇಟಿಗೆ ಹೇಳಲು ಏನು ಕಷ್ಟ? ನಿಮ್ಮ ತಾರೀಖು ಆ ಚೀಟಿಯ ತಾರೀಖಿಗಿಂತ ಮೊದಲಿನದಾಗಿರಲಿ. ಬಸುರಿಯಾಗಿ ಅವಳು ದಾಟಿದ ಹಳಿಯನ್ನು ಬಾಣಂತಿಯಾಗಿ, ಕೂಸನ್ನು ಎದೆಗೆ ಅವುಚಿಕೊಂಡು ದಾಟಲು ನಾನು ಬಿಡುವುದಿಲ್ಲ. ನೀವು ಜಾಗ ತುಂಬದಿದ್ದರೆ ಬೋರ್ಡನ್ನು ಖಾಲಿ ಜಾಗದ ಸಮೇತ ಗೇಟಿಗೆ ತಗುಲಿಸುತ್ತೇನೆ, ಓದುವವರು ಓದಿಕೊಳ್ಳಲಿ.

ಇಂತಿ,
ನಿಮ್ಮ ಟೆಂಪರರಿಗೆ ಎರಡು ಕೋಟ್ ಹೊಡೆದು ಕೆಟ್ಟ,
ಶಾರ್ಟ್ಲಿ ಅಲ್ಲ, ತಾರೀಖು ಸಮೇತ ದೊಡ್ಡಮ್ಮನಾಗಲಿರುವ
ಬೋರ್ಡಿನವಳು