ಪರದೆಯ ಆ ಬದಿಯ ಡೆರಿಲ್‌ಗೆ

ಡೆರಿಲ್,

'ಪ್ರೀತಿಯ' ಎಂದು ಬರೆಯಹೊರಟೆ, ಪೆನ್ನು ಒಪ್ಪಲಿಲ್ಲ. ಬರೀ ಹೆಸರಿನಲ್ಲೇ ಸುಧಾರಿಸಿಕೋ.

ನಿನ್ನೆ ಪಿಜಿ ಸೀಟು ಹಂಚಿಕೆಯ ಪಟ್ಟಿ ಬಂತು. ನಮ್ಮ ಕಾಲೇಜಿನಲ್ಲಿ ಉಳಿದಿದ್ದ ಒಂದೇ ಒಂದು ಸರ್ಜರಿ ಸೀಟಿನ ಎದುರು ನಿನ್ನ ಹೆಸರು. ರ‍್ಯಾಂಕಿನಲ್ಲಿ ನಾನು ನಿನಗಿಂತ ಮುಂದೆ. ಮೊದಲ ಆಯ್ಕೆಯಾಗಿ ಕೇಳಿದ್ದರೆ ಅದು ನನಗೇ ಬರುತ್ತಿತ್ತು. ಕೇಳದ ಹಾಗೆ ಮಾಡಿದವನು ನೀನು.

ಕೊಡಿಯಾಲ್‌ಬೈಲ್‌ನ ಜ್ಯೂಸ್ ಅಂಗಡಿಯಲ್ಲಿ ಕೂತು ಆಯ್ಕೆಗಳ ಕ್ರಮ ತುಂಬಿಸಿದ ದಿನ ನೀನು ಹೇಳಿದ್ದು ನೆನಪುಂಟಾ? "ನಮ್ಮ ಕಾಲೇಜಲ್ಲಿ ಸರ್ಜರಿ ಬೇಡ ದೀಕ್ಷಿ. ಹುಡುಗಿಯರ ಕೈಗೆ ಬ್ಲೇಡ್ ಕೊಡುವುದೇ ಇಲ್ಲ ಅವ್ರು. ಮೂರು ವರ್ಷ ಬೇರೆಯವರ ಆಪರೇಷನ್ ನೋಡ್ತಾ ನಿಲ್ಲಬೇಕು. ಅನಸ್ತೇಶಿಯಾ ಮೇಲೆ ಹಾಕು ಮಾರಾಯ್ತಿ. ನಂಗೇ ಬೇಡ ಆ ಡಿಪಾರ್ಟ್‌ಮೆಂಟ್." ನಾನು ಸರ್ಜರಿಯನ್ನು ಕೆಳಗಿಳಿಸಿ ಲಾಕ್ ಮಾಡಿದೆ. ಅಲ್ಲಿಯ ತನಕ ಕಬ್ಬಿನ ಹಾಲು ಹೀರುತ್ತಿದ್ದ ನೀನು ಆಮೇಲೆಯೇ ನಿನ್ನ ಆಯ್ಕೆ ತುಂಬಿಸಲು ಮೊಬೈಲ್ ಹೊರಗೆ ತೆಗೆದೆ.

ಬಂದರಿನ ಮೀನಿನ ಏಲಂನಲ್ಲಿ ಅಮ್ಮನ ಬುಟ್ಟಿಯ ಪಕ್ಕ ಬೆಳೆದವಳು ನಾನು. ಅಂಜಲದ ಕಿವಿರು ಎತ್ತಿ, "ಇದೆಂತ ಮೀನು, ಮೊನ್ನೆಯದ್ದಾ?" ಎಂದು ಮೂಗು ಮುರಿದವನೇ ಕೊನೆಗೆ ಅದನ್ನು ಹೊತ್ತುಕೊಂಡು ಹೋಗುತ್ತಾನೆ. ಬೇಡದವನು ಮಾತಿಲ್ಲದೆ ಮುಂದಿನ ಬುಟ್ಟಿಗೆ ದಾಟುತ್ತಾನೆ. ಗಿರಾಕಿ ಹೇಳಿದ್ದರೆ ಹಲ್ಲು ಕಿರಿದು ಬಿಡುತ್ತಿದ್ದೆ. ಗೆಳೆಯ ಹೇಳಿದ ಎಂದು ನಂಬಿದೆ.

ಅಜ್ಜನ ಬಲೆಯ ದಾರ ತಂದು, ಒಂದೇ ಕೈಯಲ್ಲಿ ಸರ್ಜನ್ನರ ಗಂಟು ಹಾಕಲು ನಿನಗೆ ಕಲಿಸಿದ್ದು ನಾನು. ನಿನ್ನದು ಜಾರುತ್ತಿತ್ತು. "ನಿನ್ನ ಕೈ ಸರ್ಜರಿಗೇ ಹುಟ್ಟಿದ್ದು ಮಾರಾಯ್ತಿ" ಎನ್ನುತ್ತಿದ್ದೆ ನೀನು. ಸರಿಯಾಗಿಯೇ ಅಳೆದಿದ್ದೆ ನೋಡು, ಯಾರನ್ನು ದಾರಿಯಿಂದ ಸರಿಸಬೇಕು ಎಂದು.

ಇವತ್ತು ನೀನು ಫೋನ್ ಮಾಡಿ, "ಕೊನೆಗೆ ಮನಸ್ಸು ಬದಲಾಯ್ತು, ಬೇಜಾರುಂಟಾ?" ಎಂದೆ. ನಾನು ಫೋನ್ ಇಟ್ಟೆ. ಉತ್ತರ ಈಗ ಕೊಡುತ್ತೇನೆ: ಉಂಟು.

ನನಗೆ ಅದೇ ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಸಿಕ್ಕಿದೆ. ಸೇರುತ್ತೇನೆ, ಬಿಟ್ಟು ಮತ್ತೆ ಪರೀಕ್ಷೆ ಬರೆಯಲು ಎದೆ ಸಾಲಲಿಲ್ಲ. ಇನ್ನು ಮೂರು ವರ್ಷ ನೀನು ರೋಗಿಯ ಹೊಟ್ಟೆಯ ಬದಿ, ನಾನು ತಲೆಯ ಬದಿ, ನಡುವೆ ಹಸಿರು ಪರದೆ. ಆ ಕಡೆಯಿಂದ ಬಿಪಿ ಎಷ್ಟು ಎಂದು ಕೇಳು, ಸರಿಯಾಗಿ ಹೇಳುತ್ತೇನೆ. ಬೇರೇನೂ ಕೇಳಬೇಡ.

ನಿನ್ನ ಗಂಟುಗಳು ಜಾರದಿರಲಿ. ನಮ್ಮಿಬ್ಬರ ನಡುವೆ ಮಲಗಿದವರು ಕ್ಷೇಮವಾಗಿ ಎದ್ದು ಮನೆಗೆ ಹೋಗಲಿ.

ಇನ್ನು ನಿನಗೆ ದೀಕ್ಷಿ ಅಲ್ಲದ,
ಡಾ. ದೀಕ್ಷಿತಾ