ಹಳೆಯಂಗಡಿಯವರೆಗೆ

ಶಕ್ತಿನಗರ, ಮಂಗಳೂರು
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಗುಲಾಬಿ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಕುಶಲಾ ಬರೆಯುವುದು. ಕವರಿನ ಮೇಲಿನ ಅಕ್ಷರ ನೋಡಿಯೇ ಬದಿಗೆ ಇಟ್ಟುಬಿಡುತ್ತೀರೋ ಏನೋ ಎಂಬ ಹೆದರಿಕೆಯಲ್ಲಿಯೇ ಪೆನ್ನು ಹಿಡಿದಿದ್ದೇನೆ. ಕಣ್ಣಿನ ಆಪರೇಷನ್ ಆಯಿತಂತೆ. ಕಟೀಲಿನಲ್ಲಿ ಸಿಕ್ಕಿದ ನಿಮ್ಮ ನೆರೆಮನೆಯವರು ಹೇಳಿದರು. ಈಗ ಹೇಗಿದ್ದೀರಿ? ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೀರಾ? ಒಲೆಯ ಎದುರು ಕೂರಬೇಡಿ ಎಂದು ಡಾಕ್ಟರು ಹೇಳಿರಬಹುದು, ನೀವು ಕೇಳಿರಲಿಕ್ಕಿಲ್ಲ. ಮಂಡಿನೋವು ಕಡಿಮೆ ಉಂಟಾ? ನಾವು ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಕಾಗದವಾದರೆ ಕೋಪ ಇಳಿದ ದಿನ ಓದಬಹುದು ಎಂದು ಬರೆಯುತ್ತಿದ್ದೇನೆ.

ಇವರ ಆರೋಗ್ಯದ ವಿಷಯ ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ಮೈಗೆ ಏನೂ ಇಲ್ಲ. ಗಂಜಿ, ಚಟ್ನಿ, ಒಂದು ತುಂಡು ಮೀನು ಇದ್ದರೆ ಖುಷಿಯಲ್ಲಿ ಉಣ್ಣುತ್ತಾರೆ. ನೆನಪು ಮಾತ್ರ ಒಂದೊಂದಾಗಿ ಬಿಟ್ಟುಹೋಗುತ್ತಿದೆ. ಮುಂಬಯಿಯಲ್ಲಿ ಹೊಟೇಲು ನಡೆಸಿದ್ದು ಪೂರ್ತಿ ಅಳಿಸಿಹೋಗಿದೆ. ಕೆಲವು ದಿನ ನಾನು ಕುಶಲಾ ಎಂಬುದೂ ತಿಳಿಯುವುದಿಲ್ಲ. ಆಗ ಬಹಳ ಮರ್ಯಾದೆಯಿಂದ "ನೀವು" ಎಂದು ಮಾತಾಡಿಸುತ್ತಾರೆ, ಮದುವೆಯಾದ ಹೊಸತರಲ್ಲಿ ಸಹ ಅಷ್ಟು ಮರ್ಯಾದೆ ನನಗೆ ಸಿಕ್ಕಿರಲಿಲ್ಲ. ಕಷ್ಟವಾಗುತ್ತಿದ್ದದ್ದು ಸಂಜೆ. ದೀಪ ಹಚ್ಚುವ ಹೊತ್ತಾದರೆ ಸಾಕು, ಅಂಗಿ ಹಾಕಿ, ಚೀಲ ಹಿಡಿದು, "ಹೊರಡುವಾ, ಬಸ್ಸು ತಪ್ತದೆ" ಎಂದು ಗೇಟು ದಾಟುತ್ತಿದ್ದರು. ಒಮ್ಮೆ ನಂತೂರಿನವರೆಗೆ ಹೋಗಿ ಹೆದ್ದಾರಿಯ ಮಧ್ಯದಲ್ಲಿ ನಿಂತಿದ್ದರಂತೆ. ಪುಣ್ಯಾತ್ಮನೊಬ್ಬ ರಿಕ್ಷಾದಲ್ಲಿ ಕೂರಿಸಿ ಕರೆತಂದ. ಅಂದಿನಿಂದ ಬಾಗಿಲಿಗೆ ಬೀಗ ಹಾಕಿದೆ. ಬೀಗ ಹಾಕಿದ ದಿನ ಅವರು ಬಾಗಿಲಿನ ಎದುರು ನಿಂತು ಮಗುವಿನ ಹಾಗೆ ಅತ್ತರು. ಅದನ್ನು ನೋಡಲಿಕ್ಕೆ ಆಗುವುದಿಲ್ಲ ಅಕ್ಕ.

ಇನ್ನು ನಮ್ಮ ಮಗ ವಿನೀತನ ವ್ಯಾನಿನ ಸುದ್ದಿ. ನಿಮ್ಮ ಅಳಿಯ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ತಂದು ಒಳಗೆ ಮಂಚ, ಒಲೆ, ಸಣ್ಣ ಫ್ರಿಜ್ಜು, ಪರದೆ, ಎಲ್ಲ ಇಟ್ಟು ಚಕ್ರದ ಮೇಲೆ ಒಂದು ಮನೆಯನ್ನೇ ಮಾಡಿದ್ದಾನೆ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದು ಅವನ ಯೋಚನೆಯಾಗಿತ್ತು. ಮಳೆಗಾಲದಲ್ಲಿ ಬಾಡಿಗೆ ನಿಂತಿತು, ಈಗ ಅವನು ಹಂಪನಕಟ್ಟೆಯ ಲಾಡ್ಜೊಂದರಲ್ಲಿ ಮ್ಯಾನೇಜರ್. ವ್ಯಾನು ನಮ್ಮ ಫ್ಲಾಟಿನ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿದೆ. ಅದಕ್ಕೆ ಇಂಜಿನ್ನಿನ ಬ್ಯಾಟರಿ ಬೇರೆ, ಮನೆಯ ಬ್ಯಾಟರಿ ಬೇರೆ. ಮಾಡಿನ ಮೇಲಿದ್ದ ಸೋಲಾರ್ ಹಲಗೆ ತೆಂಗಿನ ಮಡಲು ಬಿದ್ದು ಒಡೆದದ್ದರಿಂದ ಮನೆಯ ಬ್ಯಾಟರಿ ಪೂರಾ ಇಳಿದುಹೋಗಿತ್ತು. ಹಾಗೆಯೇ ಬಿಟ್ಟರೆ ಹಾಳಾಗುತ್ತದಂತೆ. ಸೈಟಿನವರೆಗೆ ಕರೆಂಟಿನ ವಯರು ಎಳೆಯಲಿಕ್ಕೆ ಫ್ಲಾಟಿನವರು ಒಪ್ಪಲಿಲ್ಲ. ಹಾಗಾಗಿ ಅವನು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಒಂದು ಜನರೇಟರ್ ತಂದು, ಸಂಜೆ ಹೊತ್ತು ಓಡಿಸುವ ಕೆಲಸ ನನಗೆ ಕಲಿಸಿದ. ಪೆಟ್ರೋಲು ನೋಡುವುದು, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ವಯರನ್ನು ವ್ಯಾನಿನ ಹೊಟ್ಟೆಯಲ್ಲಿರುವ ಪ್ಲಗ್ಗಿಗೆ ಸಿಕ್ಕಿಸುವುದು. ಒಳಗೆ ಚಾರ್ಜರಿನ ಕೆಂಪು ದೀಪ ಹಸಿರಾಗುವವರೆಗೆ ದಿನಾ ಸ್ವಲ್ಪ ಸ್ವಲ್ಪ ತುಂಬಿಸಬೇಕು. "ಅಮ್ಮ, ಅದನ್ನು ಕಾಂಪೌಂಡಿನ ಆಚೆ ಮೂಲೆಯಲ್ಲಿಯೇ ಇಡು. ಹೊಗೆ ವ್ಯಾನಿನ ಒಳಗೆ ಬಂದ್ರೆ ಜೀವಕ್ಕೆ ಅಪಾಯ ಉಂಟು" ಎಂದು ಹತ್ತು ಸಲ ಹೇಳಿದ. ಹಗ್ಗ ಎಳೆಯುವಾಗ ಮೊದಲ ದಿನ ರಟ್ಟೆ ಕಳಚಿದ ಹಾಗಾಯಿತು. ಈಗ ಅಭ್ಯಾಸವಾಗಿದೆ.

ಆ ಮೊದಲ ದಿನವೇ ನಾನು ಜನರೇಟರಿನ ಗಲಾಟೆಯಲ್ಲಿ ಬಾಗಿಲಿಗೆ ಬೀಗ ಹಾಕುವುದನ್ನು ಮರೆತಿದ್ದೆ. ನೆನಪಾಗಿ ಓಡಿ ಬಂದು ನೋಡಿದರೆ ಮನೆಯಲ್ಲಿ ಇವರಿಲ್ಲ. ರಸ್ತೆಗೆ ಓಡುವವಳು ವ್ಯಾನಿನ ಕಿಟಕಿಯಲ್ಲಿ ಬಿಳಿ ತಲೆ ಕಂಡು ನಿಂತೆ. ಸೀಟಿನಲ್ಲಿ ನೆಟ್ಟಗೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟು, ಹೊರಗೆ ನೋಡುತ್ತಿದ್ದರು. ನಾನು ಹತ್ತಿದ ಕೂಡಲೇ ಸ್ವಲ್ಪ ಸರಿದು ಜಾಗ ಕೊಟ್ಟರು. "ಕೂತ್ಕೊಳ್ಳಿ. ಬಸ್ಸು ಹೊರಟಿತು" ಎಂದರು.

ಅಕ್ಕ, ನಾನು ಕೂತುಬಿಟ್ಟೆ. ಬೇರೆ ಎಂತ ಮಾಡುವುದು? ದೂರದಲ್ಲಿ ಜನರೇಟರಿನ ಸದ್ದು, ಸೀಟಿನ ಅಡಿಯಲ್ಲಿ ಚಾರ್ಜರಿನ ಫ್ಯಾನು ಗುಂಯ್ ಎನ್ನುವುದು, ಕಿಟಕಿಯ ಗಾಜು ಸಣ್ಣಗೆ ನಡುಗುವುದು. ಹೊರಗೆ ಬೆಳಕು ಇಳಿಯುತ್ತಾ ಹೋಯಿತು. ತೆಂಗಿನ ಗರಿಗಳು ಗಾಳಿಗೆ ಹಿಂದಕ್ಕೆ ಬಾಗುತ್ತಿದ್ದವು. ನೋಡುತ್ತಾ ನೋಡುತ್ತಾ ಮರಗಳು ನಿಜವಾಗಿಯೂ ಹಿಂದೆ ಹಿಂದೆ ಹೋಗುತ್ತಿವೆಯೋ ಎನಿಸಿತು. "ಕೊಟ್ಟಾರ ಚೌಕಿ" ಎಂದರು ಇವರು. ಸ್ವಲ್ಪ ಹೊತ್ತಿಗೆ "ಕೂಳೂರು ಸಂಕ, ಹೊಳೆ ತುಂಬಿದೆ ನೋಡಿ." ನಾನು ನೋಡಿದೆ. ಸೈಟಿನ ಹುಲ್ಲಿನ ಮೇಲೆ ಮಬ್ಬು ಕವಿದು ನೀರಿನ ಹಾಗೆಯೇ ಕಾಣುತ್ತಿತ್ತು. ಪಣಂಬೂರು, ಸುರತ್ಕಲ್, ಮುಕ್ಕ ಎಲ್ಲ ಅವರು ಹೇಳಿದ ಕ್ರಮದಲ್ಲಿಯೇ ಬಂದವು. ಜನರೇಟರ್ ನಿಲ್ಲಿಸಿ ಬಂದಾಗ "ಯಾವ ಊರು ಇದು?" ಎಂದು ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ, "ಹಳೆಯಂಗಡಿ. ಇವತ್ತು ಇಲ್ಲಿಂದ ಮುಂದೆ ಬಸ್ಸಿಲ್ಲ." ಅವರು ತಲೆಯಾಡಿಸಿ ಇಳಿದು, ಕಾಲು ತೊಳೆದು, ಉಂಡು ಮಲಗಿದರು. ಎಷ್ಟೋ ತಿಂಗಳ ಮೇಲೆ ನಾನೂ ನಿದ್ದೆ ಮಾಡಿದೆ.

ಮತ್ತೆ ಅದು ದಿನದ ಕ್ರಮವಾಯಿತು. ಮೇಲಿನ ಮನೆಯ ರಾಹಿಲಾ ಒಂದು ಸಂಜೆ ಸದ್ದಿನ ಬಗ್ಗೆ ಜಗಳಕ್ಕೆ ಬಂದಳು, ಮಗು ಮಲಗುವುದಿಲ್ಲವಂತೆ. ಇವರು ಅವಳನ್ನು ನೋಡಿ "ಬೇಗ ಹತ್ತಿ ಮಾರಾಯ್ತಿ, ಎಲ್ಲಿ ಇಳಿಯುವುದು ನಿಮಗೆ?" ಎಂದರು. ಅವಳು ನನ್ನ ಮುಖ ನೋಡಿದಳು. ಒಂದು ಗಳಿಗೆ ನಿಂತು, "ಸುರತ್ಕಲ್" ಎಂದು ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಸುರತ್ಕಲ್ ಎಂದು ಇವರು ಕರೆದಾಗ ಇಳಿದು ಹೋದಳು. ಆಮೇಲೆ ದೂರು ಬರಲಿಲ್ಲ.

ಈಗ ಹೇಳುವುದನ್ನು ಸಾವಕಾಶ ಓದಿ. ಕಳೆದ ವಾರ ಇವರು ಪಕ್ಕದ ಸೀಟಿನ ಹೆಂಗಸಿನ ಹತ್ತಿರ, ಎಂದರೆ ನನ್ನ ಹತ್ತಿರ, ತಮ್ಮ ಸಂಗತಿ ಹೇಳಲು ಶುರುಮಾಡಿದರು. "ನಾನು ಕಿನ್ನಿಗೋಳಿಗೆ. ಅಲ್ಲಿ ನಮ್ಮ ಅಕ್ಕ ಇದ್ದಾಳೆ. ಮಗಳ ಮದುವೆ ಉಂಟು, ಅವಳನ್ನು ಕರೀಲಿಕ್ಕೆ ಹೋಗ್ತಾ ಇದ್ದೇನೆ" ಎಂದರು. ನಾನು, ಫೋನು ಮಾಡಿದರೆ ಸಾಕಿತ್ತಲ್ಲ ಎಂದೆ. ಅವರಿಗೆ ಸಿಟ್ಟು ಬಂತು. "ಒಡಹುಟ್ಟಿದ ಅಕ್ಕನನ್ನು ಫೋನಿನಲ್ಲಿ ಕರೆಯುವುದಾ? ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಕರೀಬೇಕು." ಮತ್ತೆ ಕಿಟಕಿಯ ಆಚೆ ನೋಡುತ್ತಾ ಹೇಳಿದರು, "ನನ್ನ ಹೆಂಡತಿ ಮೊದಲೇ ಹೇಳಿದ್ದಳು, ಹೋಗಿ ಬನ್ನಿ ಅಂತ. ನಾನು ಕೇಳಲಿಲ್ಲ."

ಆ ಮದುವೆ ಕಳೆದ ಹದಿನಾಲ್ಕು ವರ್ಷದಲ್ಲಿ ಈ ಮಾತು ಅವರ ಬಾಯಿಂದ ನನ್ನೆದುರು ಬಂದದ್ದಿಲ್ಲ. ಆಗ ಹೊಟೇಲು ಬಿಟ್ಟು ಬರಲಿಕ್ಕೆ ಪುರುಸೊತ್ತಿಲ್ಲ ಎಂದು ಮುಂಬಯಿಯಿಂದಲೇ ನಿಮಗೆ ಫೋನು ಮಾಡಿ, ಮದುವೆಯ ಕಾಗದವನ್ನು ಅಂಚೆಯಲ್ಲಿ ಹಾಕಿಸಿದ್ದರು. "ಅಷ್ಟು ದೊಡ್ಡ ಮನುಷ್ಯ ಆದನಾ ಜಯ" ಎಂದು ನೀವು ಕೇಳಿದಿರಂತೆ. ಅದು ಇವರ ಕಿವಿಗೆ ಬಂತು, ಇವರಿಗೂ ಹಟ ಬಂತು. ಮಂಟಪದಲ್ಲಿ ಮದುಮಗಳು ಸಂಚಿತಾ, ಅತ್ತೆ ಎಲ್ಲಿ ಎಂದು ಕಣ್ಣು ಹಾಯಿಸುತ್ತಲೇ ಇದ್ದಳು. ತಾಯಿಯ ಹಾಗೆ ಸಾಕಿದ ಅಕ್ಕನೂ ಬೆನ್ನಿಗೆ ಬಿದ್ದ ತಮ್ಮನೂ ಹೀಗೆ ಮಾತು ಬಿಟ್ಟು ಕೂತದ್ದನ್ನು ನಾನು ನಡುವೆ ನಿಂತು ನೋಡಿದ್ದೇನೆ. ಈಗ ಕೋಪ ಅವರಿಗೆ ನೆನಪಿಲ್ಲ, ನಿಮ್ಮ ಮನೆಯ ದಾರಿ ನೆನಪುಂಟು.

ನಾನು ದಿನಾ ಅವರನ್ನು ಕಿನ್ನಿಗೋಳಿಯ ಮೊದಲು, ಹಳೆಯಂಗಡಿಯಲ್ಲಿಯೇ ಇಳಿಸುತ್ತಿದ್ದೆ. ಕಿನ್ನಿಗೋಳಿ ಬಂತು ಎಂದರೆ ಅವರು ನಿಮ್ಮ ಅಂಗಳ ಹುಡುಕಿಯಾರು, ಅದನ್ನು ನಾನು ಎಲ್ಲಿಂದ ತರಲಿ?

ನಿನ್ನೆ ಹಸಿರು ದೀಪ ಬಂತು. ಬ್ಯಾಟರಿ ತುಂಬಿತು, ಇನ್ನು ಜನರೇಟರ್ ಬೇಡ ಎಂದ ವಿನೀತ್. ಇವತ್ತು ಸಂಜೆ ಇವರು ವಾಡಿಕೆಯಂತೆ ಹೋಗಿ ಕೂತರು. ಒಳಗೆ ದೀಪಗಳು ಚಂದ ಉರಿಯುತ್ತಿದ್ದವು, ಆದರೆ ಸದ್ದಿಲ್ಲ. ತುಂಬಾ ಹೊತ್ತು ಕಾದು, "ಬಸ್ಸು ಎಂತಕ್ಕೆ ನಿಂತದ್ದು? ಅಕ್ಕ ಕಾಯ್ತಾಳೆ" ಎಂದರು. ಅವರನ್ನು ಒಳಗೆ ಕರೆದು ಮಲಗಿಸಿ ಈ ಕಾಗದಕ್ಕೆ ಕೂತೆ.

ನಿಮ್ಮ ಕಣ್ಣಿಗೆ ಆಯಾಸವಾದರೆ ಮೊಮ್ಮಕ್ಕಳ ಹತ್ತಿರ ಓದಿಸಿ, ನನಗೆ ನಾಚಿಕೆಯಿಲ್ಲ. ದೇವಿ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ. ನಿಮ್ಮ ಕಾಲು ಮುಟ್ಟಿ,

ನಿಮ್ಮ
ಕುಶಲಾ

ತಾ.ಕ.: ಬರೆಯಬೇಕಾದದ್ದನ್ನೇ ಬಿಟ್ಟೆ. ಭಾನುವಾರ ವಿನೀತನಿಗೆ ರಜೆ. ಮಧ್ಯಾಹ್ನ ಉಂಡು ಹೊರಡುತ್ತೇವೆ, ವ್ಯಾನು ಅವನೇ ಬಿಡುತ್ತಾನೆ. ನೀವು ಬಾಗಿಲು ತೆರೆಯದಿದ್ದರೂ ಬೇಸರವಿಲ್ಲ, ನಿಮ್ಮ ಗೇಟಿನ ಹೊರಗೆ ನಿಲ್ಲಿಸಿ ರಾತ್ರಿ ಕಳೆಯುತ್ತೇವೆ. ಫ್ಯಾನು, ದೀಪ ಬೆಳಗಿನವರೆಗೆ ಬರುತ್ತದಂತೆ. ತೆರೆದರೆ ನಿಮ್ಮ ತಮ್ಮ ಅಂಗಳದಲ್ಲಿ ನಿಂತು ನಿಮ್ಮನ್ನು ಸಂಚಿತಾಳ ಮದುವೆಗೆ ಕರೆಯುತ್ತಾರೆ. ಅವಳ ಮಗಳು ಈಗ ಏಳನೇ ಕ್ಲಾಸು ಎಂದು ಹೇಳಬೇಡಿ ಅಕ್ಕ. ಬರುತ್ತೇನೆ ಎನ್ನಿ.