ಮೂರನೆಯ ಹಾಸಿಗೆ

ಸೋಮವಾರ, ಆಫೀಸಿನ ಊಟದ ಬಿಡುವು

ಎಲ್ಲವನ್ನೂ ಆಮೇಲೆ ಹೇಳುವ ನನ್ನ ಯಜಮಾನರಿಗೆ,

ನಿಮ್ಮ ಕಾಗದ ಬಂತು, ಜೊತೆಗಿಟ್ಟ ಬುಕಿಂಗ್ ಪ್ರತಿಯೂ ಬಂತು. ನಾನು ಅಕ್ಕನ ಮನೆ ಸೇರಿದ ಮೇಲೆ ನಿಮ್ಮಿಂದ ಬಂದ ಮೊದಲ ಕಾಗದ. ಹೊಲಿಗೆ ಮಷಿನ್ ಇಟ್ಟಿರುವ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಸಮುದ್ರದ ಹತ್ತಿರ ನಾಲ್ಕು ದಿನ, ನಾವಿಬ್ಬರೇ, ನೀನು ಮನೆಗೆ ಬರುವ ವಿಷಯ ಅಲ್ಲೇ ಕೂತು ಮಾತಾಡೋಣ ಎಂದು ಬರೆದಿದ್ದೀರಿ. ‘ನಾವಿಬ್ಬರೇ’ ಎಂಬುದರ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ನಿಜ ಹೇಳಿಬಿಡುತ್ತೇನೆ, ಆ ಗೆರೆ ನೋಡಿ ನನಗೆ ಅಳು ಬಂತು. ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಶಾಲು ತೆಗೆದು ಇಸ್ತ್ರಿ ಕೂಡ ಮಾಡಿಟ್ಟೆ. ಅಕ್ಕ ನೋಡಿಯೂ ನೋಡದವಳ ಹಾಗೆ ಇದ್ದಳು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಪ್ರವಾಸದ ಏಜೆನ್ಸಿಯಲ್ಲಿ ದೂರು ಕೇಳುವ ಮೇಜು ನನ್ನದು. ರಜೆ ಮುಗಿಸಿ ಬಂದವರು ಮುಖ ಊದಿಸಿಕೊಂಡು ಮೊದಲು ಬರುವುದು ನನ್ನ ಮುಂದೆಯೇ. ‘ಅಗ್ಗ ಅಂತ ಹೋದ್ವಿ ಮೇಡಂ, ಬರೋವಾಗ ಚರ್ಮ ಸುಲಿದು ಕಳಿಸಿದ್ರು’ ಅನ್ನುತ್ತಾರೆ. ನಾನು ಅವರ ಬುಕಿಂಗ್ ಪ್ರತಿ ತೆಗೆದುಕೊಂಡು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತೇನೆ. ಮುಚ್ಚಿಟ್ಟದ್ದೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಿಮ್ಮದನ್ನು ಮಾತ್ರ ಶನಿವಾರ ಮೇಲಿನಿಂದ ಓದಿದೆ. ಇದು ಗಂಡ ಕಳಿಸಿದ್ದು, ಗಿರಾಕಿಯದಲ್ಲ ಅಂದುಕೊಂಡೆ.

ಮೇಲಿನಿಂದ ಓದಿದರೂ ಕಣ್ಣಿಗೆ ಬಿದ್ದದ್ದು ಕಡಿಮೆಯೇನಲ್ಲ. ‘ಬೆಳಗಿನ ತಿಂಡಿ ಲಭ್ಯ’ ಅಂದರೆ ತಿಂಡಿ ಸಿಗುತ್ತದೆ ಅಂತ ಅಷ್ಟೇ, ದುಡ್ಡು ಬೇರೆ. ಕೋಣೆ ಗುಡಿಸಿದ್ದಕ್ಕೊಂದು ಶುಲ್ಕ, ಟವೆಲ್ಲಿಗೊಂದು, ಕಾರು ನಿಲ್ಲಿಸುವುದಕ್ಕೆ ಇನ್ನೊಂದು. ‘ಸಮುದ್ರದ ಕಡೆಯ ಕೋಣೆ’ ಅಂದ ಮಾತ್ರಕ್ಕೆ ಸಮುದ್ರ ಕಾಣಬೇಕೆಂದೇನಿಲ್ಲ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು ದರ್ಶನ ಕೊಟ್ಟೀತು. ಇದನ್ನೆಲ್ಲ ಓದುತ್ತ ನಾನು ನಗುತ್ತಲೇ ಇದ್ದೆ. ಪಾಪ, ತರಕಾರಿಯವನ ಹತ್ತಿರವೂ ಚೌಕಾಸಿ ಮಾಡಲು ಬಾರದ ಮನುಷ್ಯ, ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ, ಅಲ್ಲಿಗೆ ಹೋದಮೇಲೆ ನಾನೇ ಜಗಳವಾಡಿ ಸರಿಮಾಡಿದರಾಯಿತು ಅಂದುಕೊಂಡೆ. ನೋಡಿ, ಕೊನೆಯ ಸಾಲುಗಳಿಗೆ ಹೋಗುವ ಮೊದಲೇ ಮನಸ್ಸು ಹೊರಟು ನಿಂತಿತ್ತು.

ಇವತ್ತು ಬೆಳಿಗ್ಗೆ ಮೇಜಿನ ಮೇಲೆ ಕೆಲಸವಿರಲಿಲ್ಲ. ಸುಮ್ಮನಿರಲಾರದೆ ನಿಮ್ಮ ಪ್ರತಿ ತೆಗೆದೆ. ಕೈ ತಾನಾಗಿ ಕೆಳಗಿನ ಸಾಲಿಗೆ ಹೋಯಿತು. ‘ಹೆಚ್ಚುವರಿ ಹಾಸಿಗೆ, ಒಂದು.’ ಅದರ ಕೆಳಗೆ ನೀವೇ ಬರೆಸಿರುವ ಕೋರಿಕೆ: ‘ಹಿರಿಯರಿಗೆ ಮೊಣಕಾಲು ನೋವಿದೆ, ನೆಲಮಹಡಿಯ ಕೋಣೆಯೇ ಬೇಕು.’

ಅಂದರೆ ಅತ್ತೆಯೂ ಬರುತ್ತಿದ್ದಾರೆ. ಪ್ರತಿಯನ್ನು ಕೊನೆಯವರೆಗೆ ಓದುವಷ್ಟು ವ್ಯವಧಾನವೂ ಇಲ್ಲದೆ ಲಕೋಟೆಗೆ ತುರುಕಿ ಕಳಿಸಿದ್ದೀರಿ.

ಅತ್ತೆಯ ಮೇಲೆ ನನಗೆ ಕೋಪವಿಲ್ಲ. ನಾವು ಹೊಸ ಬಾಡಿಗೆ ಮನೆಗೆ ಹೋದ ದಿನ ನೆನಪಿದೆಯೇ? ಲಾರಿಯಿಂದ ಸಾಮಾನು ಇಳಿಸುತ್ತಿದ್ದರು. ನನ್ನ ಕನ್ನಡಿ ಇಳಿಯಿತು, ನಿಮ್ಮ ಪುಸ್ತಕದ ಡಬ್ಬ ಇಳಿಯಿತು, ಆಮೇಲೆ ಅತ್ತೆಯ ಕಬ್ಬಿಣದ ಮಂಚ ಇಳಿಯಿತು. ‘ಇದನ್ನ ಯಾವ ರೂಮಿಗೆ ಹಾಕೋದಮ್ಮಾ?’ ಎಂದು ಹಮಾಲಿ ನನ್ನನ್ನು ಕೇಳಿದ. ಅತ್ತೆ ನಮ್ಮ ಜೊತೆ ಇರುತ್ತಾರೆಂದು ನನಗೆ ತಿಳಿದದ್ದು ಹಾಗೆ, ಹಮಾಲಿಯ ಬಾಯಿಂದ. ನೀವು ಲಾರಿಯ ಆ ಕಡೆ ನಿಂತು ಹಗ್ಗ ಸುತ್ತುತ್ತಿದ್ದಿರಿ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಿರಿ. ನಿಮಗೆ ಬಂದ ವರ್ಗಾವಣೆಯನ್ನು ಬೇಡವೆಂದು ಬರೆದುಕೊಟ್ಟದ್ದೂ ನನಗೆ ಗೊತ್ತಾದದ್ದು ಪಕ್ಕದ ಮನೆಯವರಿಂದ. ಕೇಳಿದಾಗಲೆಲ್ಲ ಒಂದೇ ಉತ್ತರ: ‘ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೇ.’

ಈಗಲೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮನಿಗೆ ಮಾತ್ರೆ ಕೊಡಲು ಯಾರೂ ಇಲ್ಲ, ಕರೆದುಕೊಂಡು ಹೋಗೋಣವೇ ಎಂದು ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಸ್ವಲ್ಪ ಮೂತಿ ತಿರುಗಿಸಿಯಾದರೂ ಹೂಂ ಅನ್ನುತ್ತಿದ್ದೆ. ನೀವು ಕೇಳಲಿಲ್ಲ, ಗೆರೆ ಎಳೆದಿರಿ. ಬಸ್ಸು ಹೊರಡುವಾಗ ಅತ್ತೆ ಚೀಲ ಹಿಡಿದು ಹತ್ತಿದರೆ ಇವಳು ಜನರ ಮುಂದೆ ಏನು ಮಾಡಿಯಾಳು ಎಂದು ಲೆಕ್ಕ ಹಾಕಿದಿರಿ. ನನಗೆ ತುಂಬಾ ನೋವಾಗಿದೆ. ಅದಕ್ಕಿಂತ ಹೆಚ್ಚಾಗಿ ದಣಿವಾಗಿದೆ.

ಶುಕ್ರವಾರದವರೆಗೆ ದಂಡವಿಲ್ಲದೆ ರದ್ದು ಮಾಡಬಹುದು ಎಂದು ಅದೇ ಪ್ರತಿಯಲ್ಲಿದೆ. ಮಾಡಿಬಿಡಿ. ನಾನು ಬರುವುದಿಲ್ಲ, ಸಮುದ್ರಕ್ಕೂ ಇಲ್ಲ, ಮನೆಗೂ ಇಲ್ಲ. ಶೀತವಾದಾಗ ಬಿಸಿನೀರು ಕುಡಿಯಿರಿ, ಔಷಧಿ ಅಂಗಡಿಯವನ ಮಾತು ಕೇಳಬೇಡಿ.

ಇಂತಿ,
ನೀವೇ ಹೆಸರಿಟ್ಟ
ಲಾಯರಮ್ಮ

ತಾ.ಕ. ಮಂಗಳವಾರ. ಈ ಕಾಗದವನ್ನು ಅಂಚೆಗೆ ಹಾಕಬೇಕೆಂದು ಮೇಜಿನ ಮೇಲೇ ಇಟ್ಟುಕೊಂಡಿದ್ದೆ, ಅಷ್ಟರಲ್ಲಿ ಅತ್ತೆ ಆಫೀಸಿಗೆ ಬಂದರು. ನಮ್ಮ ಲಿಫ್ಟ್ ಕೆಟ್ಟಿದೆ. ಕಂಬಿ ಹಿಡಿದುಕೊಂಡು, ಮಧ್ಯೆ ಮಧ್ಯೆ ಕೂತು, ಆ ಮೊಣಕಾಲಲ್ಲೇ ಮೆಟ್ಟಿಲು ಹತ್ತಿದ್ದಾರೆ. ಪ್ರವಾಸಕ್ಕೆಂದು ಕೊಂಡ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಕೆಂಪಾಗಿತ್ತು. ದೂರು ಕೊಡುವವರ ಕುರ್ಚಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ‘ಅತ್ತೆ ಬರದಿದ್ರೆ ನಾನೂ ಬರಲ್ಲ ಅಂದ್ಯಂತೆ, ಮಗ ಹೇಳ್ದ. ನನ್ ದೆಸೆಯಿಂದ್ಲೇ ನೀನು ಮನೆ ಬಿಟ್ಟೆ ಅಂತ ಇಷ್ಟು ದಿನ ಒಳಗೊಳಗೇ ಸಾಯ್ತಿದ್ದೆ ಕಣಮ್ಮಾ. ನಿಜವಾಗ್ಲೂ ನೀನೇ ಕರೆದ್ಯಾ?’ ಎಂದು ಕೇಳಿದರು.

ಅವರಿಗೂ ಹೀಗೇ ಮಾಡಿದಿರಾ!

ಹೌದು ಅತ್ತೆ, ನಾನೇ ಕರೆದೆ ಅಂದೆ. ಬೇರೆ ಏನು ಹೇಳಲಿ? ನಿಮ್ಮ ಸುಳ್ಳನ್ನು ನಿಜ ಮಾಡುವ ಕೆಲಸವೂ ನನ್ನ ತಲೆಗೇ ಬಂತು.

ಮೇಲೆ ಬರೆದದ್ದನ್ನು ಹರಿದು ಹಾಕಿಲ್ಲ, ಅದೂ ನಿಜವೇ. ಆದರೆ ಪ್ರತಿಯಲ್ಲಿ ನನ್ನ ಹೆಸರೂ ಇದ್ದುದರಿಂದ ಲಾಡ್ಜಿಗೆ ಫೋನ್ ಮಾಡಿ ಬುಕಿಂಗ್ ತಿದ್ದಿಸಿದ್ದೇನೆ. ಹೆಚ್ಚುವರಿ ಹಾಸಿಗೆ ತೆಗೆಸಿದೆ. ಈಗ ಕೋಣೆ ಇಬ್ಬರಿಗೇ, ಅತ್ತೆಗೆ ಮತ್ತು ನನಗೆ. ನೀವು ಯಾಕೆ ಬರುತ್ತಿಲ್ಲ ಎಂಬುದನ್ನು ನಿಮ್ಮ ಅಮ್ಮನಿಗೆ ನೀವೇ ಹೇಳಬೇಕು. ನಾವು ಬಸ್ಸು ಹತ್ತುವ ಮೊದಲೇ ಹೇಳಿ.